ನರಸೀಪುರದ ಬಸ್ಸಿಗೆ ಕೊಟ್ಟ ಫ್ಲಾಪಿಗಳು

ನಮ್ಮ ಮನೆಗೆ ಕಂಪ್ಯೂಟರ್ ಬಂದ ದಿನ ಅವ್ವ ಕೇಳಿದ ಮೊದಲ ಪ್ರಶ್ನೆ, ಅದನ್ನು ಯಾವ ದಿಕ್ಕಿಗೆ ಮುಖ ಮಾಡಿ ಕೂರಿಸಬೇಕು ಎಂಬುದು. ಮೈಸೂರಿನಿಂದ ಜೋಡಿಸಲು ಬಂದಿದ್ದವನು, ಪ್ಲಗ್ ಎಲ್ಲಿದೆಯೋ ಆ ದಿಕ್ಕಿಗೆ ಎಂದ. ಅವ್ವನಿಗೆ ಆ ಉತ್ತರ ಹಿಡಿಸಲಿಲ್ಲ. ಅಣ್ಣನ ಕೈಯಲ್ಲಿ ಗೋಡೆಯುದ್ದಕ್ಕೂ ವೈರು ಎಳೆಸಿ, ಪೂರ್ವಕ್ಕೆ ಮುಖ ಮಾಡಿಸಿ, ವಿಭೂತಿ ಹಚ್ಚಿದ ಮೇಲೆಯೇ ಸ್ವಿಚ್ಚು ಹಾಕಲು ಬಿಟ್ಟಳು. ಪರದೆ ಬೆಳಗಿದಾಗ ಅವ್ವ, ನಾನು ಇಬ್ಬರೂ ಬಾಯಿಬಿಟ್ಟುಕೊಂಡು ನಿಂತಿದ್ದೆವು. ಅವ್ವ ಅದರ ಹಿಂದೆ ಹೋಗಿ ಇಣುಕಿ ನೋಡಿ ಬಂದಳು. ಅವಳು ಅಡುಗೆಮನೆಗೆ ಹೋದ ಮೇಲೆ ನಾನೂ ಹೋಗಿ ನೋಡಿದೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತಿದು. ನಮ್ಮ ಮನೆ ಇದ್ದದ್ದು ನಂಜನಗೂಡಿನಲ್ಲಿ, ನರಸೀಪುರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲೇ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ನನ್ನ ಎಡಗಾಲು ಸಣ್ಣಗಾಗಿ ಉಳಿಯಿತು. ಟೈಪಿಂಗ್ ಕಲಿತು, ನರಸೀಪುರದ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪು ಮಾಡುವ ಕೆಲಸಕ್ಕೆ ಹೋಗುತ್ತಿದ್ದೆ. ಕೆಲಸವೇನೋ ಇಷ್ಟವೇ. ಆದರೆ ಬಸ್ಸಿನ ಆ ಮೊದಲ ಮೆಟ್ಟಿಲಿತ್ತಲ್ಲ, ಅದನ್ನು ಅಷ್ಟೆತ್ತರಕ್ಕೆ ಇಟ್ಟವನು ಕೈಗೆ ಸಿಕ್ಕಿದ್ದರೆ ಎರಡು ಮಾತು ಕೇಳುತ್ತಿದ್ದೆ. ದಿನಾ ಯಾರಾದರೂ ರಟ್ಟೆ ಹಿಡಿದು ಮೇಲೆಳೆಯಬೇಕು, ಯಾರಾದರೂ ಅಯ್ಯೋ ಪಾಪ ಅನ್ನಬೇಕು. ಒಂದು ಮಳೆಗಾಲದಲ್ಲಿ ಮೆಟ್ಟಿಲಿನಿಂದ ಜಾರಿ ಬಿದ್ದು, ಒಳ್ಳೆಯ ಕಾಲನ್ನೇ ಮುರಿದುಕೊಂಡು ಮಲಗಿದೆ. ಆಗ ಪ್ರೆಸ್ಸಿನ ಯಜಮಾನರೇ ದಾರಿ ತೋರಿಸಿದರು. ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಳ್ಳಮ್ಮ, ಕೆಲಸ ಅಲ್ಲಿಗೇ ಕಳಿಸುತ್ತೇನೆ ಎಂದರು. ಫ್ಯಾಕ್ಟರಿಯಲ್ಲಿದ್ದ ಅಣ್ಣ ಮನಸ್ಸು ಮಾಡಿದ, ಕಂಪ್ಯೂಟರ್ ಬಂತು.

ಆಮೇಲೆ ಗೊತ್ತಾಯಿತು, ಕಂಪ್ಯೂಟರ್ ಒಂದೇ ಬಂದರೆ ಸಾಲದು, ಅದರ ಬಂಧುಬಳಗವೆಲ್ಲ ಬರಬೇಕು ಎಂದು. ನಮ್ಮ ಬೀದಿಯಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ಹಾಗಾಗಿ ಯುಪಿಎಸ್ ಬಂತು. ಕರೆಂಟು ಹೋದಾಗಲೆಲ್ಲ ಅದು ಕೂಗುವ ರೀತಿಗೆ ಅವ್ವ ಒಲೆಯ ಮುಂದಿನಿಂದ ಓಡಿ ಬರುತ್ತಿದ್ದಳು. ನನ್ನ ಗಿಡ್ಡ ಕಾಲಿನ ಅಡಿಗೆ ಮಣೆ, ಬೆನ್ನಿಗೆ ದಿಂಬು, ಧೂಳಿಗೆ ಹಳೇ ಲಂಗ ಹೊಲಿದು ಮಾಡಿದ ಹೊದಿಕೆ ಬಂದವು. ಇಂಗ್ಲಿಷ್ ಅಕ್ಷರದ ಕೀಲಿಮಣೆಯ ಮೇಲೆ ಕನ್ನಡದ ಅಕ್ಷರಗಳನ್ನು ಕಾಗದದ ಚೂರಲ್ಲಿ ಬರೆದು ಅಂಟಿಸಿದೆ. ಬೆವರಿಗೆ ಅವು ಬಿದ್ದುಹೋಗುವಷ್ಟರಲ್ಲಿ ಬೆರಳಿಗೆ ದಾರಿ ತಿಳಿದಿತ್ತು.

ಕನ್ನಡದ ತಂತ್ರಾಂಶ ಹಾಕಿಸಿದ್ದೇ ಒಂದು ಕಥೆ. ಮೊದಲ ಸಲ ನಾನು ಚೆಂದವಾಗಿ ಟೈಪು ಮಾಡಿ ಕಳಿಸಿದ್ದು ಪ್ರೆಸ್ಸಿನ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ, ಬರೀ ಸೊಟ್ಟ ಗೆರೆ ಮತ್ತು ಚೌಕದ ಡಬ್ಬಗಳು. ನನ್ನ ಮನೆಯಲ್ಲಿರುವ ತಂತ್ರಾಂಶ ಅಲ್ಲಿಯೂ ಇರಬೇಕು, ಇಲ್ಲದಿದ್ದರೆ ಅದಕ್ಕೆ ನನ್ನ ಅಕ್ಷರ ಓದಲು ಬರುವುದಿಲ್ಲ ಎಂದು ಆಗ ತಿಳಿಯಿತು. ಎರಡೂ ಕಡೆ ಒಂದೇ ಹಾಕಿಸಿದ ಮೇಲೆ ಸರಿಹೋಯಿತು. ಒಂದು ಅಕ್ಷರ ನನ್ನ ಮನೆಯಲ್ಲಿ ಹುಟ್ಟಿ, ಎಲ್ಲೂ ಕಾಣದೆ ಹೋಗಿ, ನರಸೀಪುರದಲ್ಲಿ ಮತ್ತೆ ಕಾಣಿಸುತ್ತದಲ್ಲ, ನಡುವೆ ಅದು ಏನಾಗಿರುತ್ತದೆ ಎಂಬ ಯೋಚನೆ ನನ್ನನ್ನು ಬಹಳ ದಿನ ಬಿಡಲಿಲ್ಲ.

ನಡುವೆ ಅದು ಫ್ಲಾಪಿಯಲ್ಲಿರುತ್ತಿತ್ತು. ಅಂಗೈಯಗಲದ ತೆಳ್ಳನೆಯ ಕಪ್ಪು ಪ್ಲಾಸ್ಟಿಕ್ ಬಿಲ್ಲೆ, ಈಗಿನ ಪೆನ್‌ಡ್ರೈವಿನ ಅಜ್ಜಿ. ಇಂಟರ್‌ನೆಟ್ಟು ನಮ್ಮ ಮನೆಯಲ್ಲೂ ಇರಲಿಲ್ಲ, ಪ್ರೆಸ್ಸಿನಲ್ಲೂ ಇರಲಿಲ್ಲ. ಇದ್ದದ್ದು ಬಸ್ಸು. ನಮ್ಮ ಕಡೆ ಬಸ್ಸಿನಲ್ಲಿ ಹೋಗದ ಸಾಮಾನೇ ಇಲ್ಲ. ಹೂವಿನ ಮೂಟೆ, ಊಟದ ಡಬ್ಬಿ, ಔಷಧಿ, ಕೋಳಿ, ಎಲ್ಲವನ್ನೂ ಕಂಡಕ್ಟರ್ ಕೈಗೆ ಕೊಟ್ಟರೆ ಆಯಿತು, ಆ ತುದಿಯಲ್ಲಿ ಬೇಕಾದವರು ಬಂದು ಇಳಿಸಿಕೊಳ್ಳುತ್ತಾರೆ. ಬೆಳಗಿನ ಪ್ರೈವೇಟ್ ಬಸ್ಸು ನಮ್ಮ ಗೇಟಿನ ಮುಂದೆ ನಿಧಾನವಾಗುತ್ತಿತ್ತು. ಹೆಮ್ಮಿಗೆ ಕಡೆಯವನೊಬ್ಬ ಅದರ ಕಂಡಕ್ಟರ್, ಅವನು ಕೈ ಚಾಚುತ್ತಿದ್ದ, ಕವರಿನಲ್ಲಿಟ್ಟ ಫ್ಲಾಪಿಯನ್ನು ಕೊಡುತ್ತಿದ್ದೆ. ಚೀಟಿಯಲ್ಲಿ ಬರೆದ ಹೊಸ ಪತ್ರಿಕೆಗಳ ವಿವರವನ್ನು ಮಧ್ಯಾಹ್ನ ತಿರುಗಿ ಬರುವಾಗ ಅವನೇ ತಂದುಕೊಡುತ್ತಿದ್ದ. ನಾನು ಮೆಟ್ಟಿಲು ಹತ್ತುವಂತಿರಲಿಲ್ಲ, ನನ್ನ ಕೆಲಸ ಹತ್ತುತ್ತಿತ್ತು. ಆ ವರ್ಷ ನಾನು ಸಂತೋಷವಾಗಿದ್ದೆ. ಯಾರ ಅಯ್ಯೋ ಪಾಪವೂ ಇಲ್ಲದೆ ದುಡಿಯುವ ಸುಖ ಏನೆಂದು ಆಗಲೇ ಕಂಡಿದ್ದು.

ಆಮೇಲೆ ಫ್ಲಾಪಿಗಳು ಖಾಲಿಯಾಗತೊಡಗಿದವು.

ಮೊದಲ ಸಲ ಯಜಮಾನರು ಫೋನು ಮಾಡಿ, ಇದರಲ್ಲಿ ಏನೂ ಇಲ್ಲವಲ್ಲಮ್ಮ, ಹೊಸ ಫ್ಲಾಪಿ ಎಂದುಕೊಂಡು ಫಾರ್ಮ್ಯಾಟ್ ಮಾಡಲಾ ಎಂದು ಕಂಪ್ಯೂಟರ್ ಕೇಳುತ್ತಿದೆ ಎಂದಾಗ ನಾನು ನಂಬಲಿಲ್ಲ. ಕಳಿಸುವ ಮುನ್ನ ತೆರೆದು ನೋಡಿಯೇ ಕಳಿಸಿದ್ದೆ. ಅಣ್ಣ ಪಾಳಿ ಮುಗಿಸಿ ಬಂದ ಮೇಲೆ ಇನ್ನೊಂದು ಫ್ಲಾಪಿಗೆ ತುಂಬಿ, ಬಸ್‌ಸ್ಟ್ಯಾಂಡಿಗೆ ಹೋಗಿ ಸಂಜೆಯ ಸರ್ಕಾರಿ ಬಸ್ಸಿಗೆ ಕೊಟ್ಟು ಬಂದ. ಅದು ಸರಿಯಾಗಿ ತೆರೆಯಿತು, ಆದರೆ ಒಂದು ದಿನದ ಅಚ್ಚು ಹಿಂದೆ ಬಿತ್ತು. ಮುಂದಿನ ವಾರವೂ ಅದೇ ಕಥೆ, ಅದರ ಮುಂದಿನ ವಾರವೂ ಅದೇ. ಬೆಳಿಗ್ಗೆ ತುಂಬಿ ಕಳಿಸಿದ್ದು ಬರಿದಾಗಿ ಇಳಿಯುತ್ತಿತ್ತು.

ನನಗೆ ಮೊದಲು ಬಂದದ್ದು ಸಿಟ್ಟು, ಆಮೇಲೆ ಕುತೂಹಲ. ಹುಡುಗಿಯಾಗಿದ್ದಾಗ ಅಪ್ಪನ ರೇಡಿಯೋ ಬಿಚ್ಚಿ ಏಟು ತಿಂದವಳು ನಾನು. ಫ್ಲಾಪಿಗಳ ಕಂಪನಿ ಬದಲಾಯಿಸಿ ನೋಡಿದೆ. ಕಾಲ ಚಳಿಗಾಲ, ಇಬ್ಬನಿ ತಾಗುತ್ತದೇನೋ ಎಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದೆ. ಸೋಮವಾರಗಳಂದು ಅವ್ವ ಹಚ್ಚುವ ವಿಭೂತಿ ಉದುರಿ ಒಳಗೆ ಸೇರುತ್ತಿದೆಯೋ ಎಂದು ಅವಳಿಗೆ ತಡೆ ಹಾಕಿದೆ. ಅವ್ವ ಮುಖ ಊದಿಸಿಕೊಂಡು, ಇದು ದೃಷ್ಟಿಯ ಕೆಲಸವೇ ಹೊರತು ನಂಜುಂಡನ ವಿಭೂತಿಯದಲ್ಲ ಎಂದು ಕಂಪ್ಯೂಟರಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಮನೆ ತುಂಬ ಘಾಟು. ನಾನು ಕೆಮ್ಮುತ್ತಾ, ನಿನ್ನ ಪೂಜೆಯಲ್ಲಿ ಕಂಪ್ಯೂಟರ್ ಉಳಿದರೂ ನಾನು ಉಳಿಯಲಾರೆ ಎಂದು ರೇಗಿಸಿದೆ.

ಕಂಡಕ್ಟರನನ್ನೂ ಕೇಳಿದೆ. ಬ್ಯಾಗಿನಲ್ಲಿ ಚಿಲ್ಲರೆ ಜೊತೆ ಹಾಕಿ ಗೀಚು ಬೀಳುತ್ತಿದೆಯೇನಪ್ಪಾ ಎಂದೆ. ಅವನಿಗೆ ಬೇಜಾರಾಯಿತು. ಈಗ ಬ್ಯಾಗಿಗೆ ಹಾಕುವುದೇ ಇಲ್ಲ, ತುಂಬ ಜೋಪಾನ ಮಾಡುತ್ತೇನೆ ಎಂದ. ಅವನ ಮುಖ ನೋಡಿದರೆ ಸುಳ್ಳು ಹೇಳುವವನಂತೆ ಕಾಣಲಿಲ್ಲ. ಹಾಗಾದರೆ ತಪ್ಪು ನನ್ನ ಕಂಪ್ಯೂಟರಿನದ್ದೇ ಇರಬೇಕು, ಆದರೆ ಅದರಲ್ಲೇ ತುಂಬಿ ಸಂಜೆ ಕಳಿಸಿದ್ದು ಹೇಗೆ ತೆರೆಯುತ್ತದೆ ಎಂದು ಇನ್ನಷ್ಟು ತಲೆ ಕೆಡಿಸಿಕೊಂಡೆ.

ಆ ವಾರದ ಕೊನೆಗೆ ಯಜಮಾನರ ಫೋನು ಬಂತು. ಅವರು ಗದರುವವರಲ್ಲ, ಅದಕ್ಕೇ ಆ ಮಾತು ಹೆಚ್ಚು ನಾಟಿತು. "ಸೋಸಲೆಯವರ ಲಗ್ನಪತ್ರಿಕೆ ನಾಳೆ ಬೆಳಿಗ್ಗೆ ಮಷೀನಿಗೆ ಹೋಗ್ಲೇಬೇಕು ಕಣಮ್ಮ. ಮುಹೂರ್ತ ನಮಗೋಸ್ಕರ ಕಾಯಲ್ಲ. ನಾಳೆನೂ ಹಿಂಗೇ ಆದ್ರೆ, ನಾನು ಇಲ್ಲೇ ಒಬ್ರನ್ನ ಕೂರಿಸ್ಕೋಬೇಕಾಗ್ತದೆ. ಬೇಜಾರು ಮಾಡ್ಕೋಬೇಡ."

ಫೋನು ಇಟ್ಟು, ಕೆಲಸ ಕೊಡಬಹುದಾದವರನ್ನು ಬೆರಳಲ್ಲಿ ಎಣಿಸಿ ನೋಡಿದೆ. ಬೇರೆ ಪ್ರೆಸ್ಸುಗಳಿಗೆ ಅವರದೇ ಜನ ಇದ್ದರು. ಈ ಕೆಲಸ ಹೋದರೆ ಮತ್ತೆ ಬಸ್ಸಿನ ಮೆಟ್ಟಿಲು, ಇಲ್ಲವೇ ಅಣ್ಣನ ಅನ್ನ ತಿಂದುಕೊಂಡು ಕಿಟಕಿಯ ಪಕ್ಕ ಕೂರುವುದು. ಎರಡೂ ನನಗೆ ಬೇಡವಾಗಿತ್ತು. ನಾಳೆ ನಾನೇ ಹೋಗುತ್ತೇನೆ ಎಂದೆ. ಕಾಲು ಮುರಿದುಕೊಂಡದ್ದು ಸಾಲದೇ ಎಂದು ಅವ್ವ ಕೂಗಾಡಿದಳು. ಬೆಳಿಗ್ಗೆ ನೋಡಿದರೆ ನನಗಿಂತ ಮೊದಲೇ ಎದ್ದು ರೊಟ್ಟಿ ತಟ್ಟಿ ಬುತ್ತಿ ಕಟ್ಟಿದ್ದಳು.

ಸೋಸಲೆಯ ಪತ್ರಿಕೆಯನ್ನು ಎರಡು ಫ್ಲಾಪಿಗಳಿಗೆ ತುಂಬಿದೆ. ಒಂದನ್ನು ನನ್ನ ಚೀಲದಲ್ಲಿ ಬಟ್ಟೆಗೆ ಸುತ್ತಿ ಇಟ್ಟುಕೊಂಡೆ. ಇನ್ನೊಂದನ್ನು ಎಂದಿನಂತೆ ಕಂಡಕ್ಟರ್ ಕೈಗೆ ಕೊಡುವುದು ಎಂದುಕೊಂಡೆ. ಒಂದೇ ದಿನ, ಒಂದೇ ಬಸ್ಸು, ಎರಡು ಫ್ಲಾಪಿ. ಆ ಬಿಲ್ಲೆಗೆ ದಾರಿಯಲ್ಲಿ ಏನಾಗುತ್ತದೆ ಎಂದು ಕಣ್ಣಾರೆ ನೋಡದೆ ನನಗೆ ಸಮಾಧಾನವಿರಲಿಲ್ಲ.

ಅಣ್ಣ ರಟ್ಟೆ ಹಿಡಿದು ಹತ್ತಿಸಿದ. ಮುಂದಿನ ಸೀಟಿನಲ್ಲಿದ್ದ ಹೆಂಗಸು ಜಾಗ ಬಿಟ್ಟು, ಪಾಪ ಎಂದಳು. ಅದನ್ನು ಕೇಳಿಸಿಕೊಳ್ಳದವಳಂತೆ ಕಂಡಕ್ಟರನ ಕೈಯನ್ನೇ ನೋಡುತ್ತಿದ್ದೆ. ಡ್ರೈವರನ ತಲೆಯ ಮೇಲೆ ಒಂದು ಮರದ ಪೆಟ್ಟಿಗೆ ಹೊಡೆದಿದ್ದರು. ಅದರೊಳಗೆ ದೇವರ ಪಟ, ಪಟಕ್ಕೆ ಮಲ್ಲಿಗೆ ಹಾರ. ಪಟದ ಎಡಬಲಕ್ಕೆ ಪೆಟ್ಟಿಗೆಯ ಹಲಗೆ ಕೊರೆದು ಎರಡು ಸ್ಪೀಕರ್ ಕೂರಿಸಿದ್ದರು. ಕಂಡಕ್ಟರ್ ಚಪ್ಪಲಿ ಬಿಟ್ಟು ಎಂಜಿನ್ನಿನ ಮೇಲೆ ಒಂದು ಕಾಲಿಟ್ಟು ಹತ್ತಿ, ನನ್ನ ಫ್ಲಾಪಿಯನ್ನು ಕಣ್ಣಿಗೊತ್ತಿಕೊಂಡು, ಪಟದ ಮಗ್ಗುಲಲ್ಲಿ, ಸ್ಪೀಕರಿನ ಬೆನ್ನಿಗೆ ಒರಗಿಸಿ ನಿಲ್ಲಿಸಿದ. ಬೀಳದಿರಲಿ ಎಂದು ಒತ್ತಿಯೂ ನೋಡಿದ. ಕೂಡಲೇ ಬಸ್ಸು ಹೊರಟಿತು, ಹಾಡು ಶುರುವಾಯಿತು.

ನಾನು ಸೀಟಿನ ಅಂಚು ಹಿಡಿದುಕೊಂಡೆ. ಅಪ್ಪನ ರೇಡಿಯೋ ಬಿಚ್ಚಿದ ದಿನ ಸ್ಪೀಕರಿನ ಬೆನ್ನಲ್ಲಿದ್ದ ಕಪ್ಪು ಗುಂಡು ಅವ್ವನ ಸೂಜಿಗಳನ್ನೆಲ್ಲ ಎಳೆದುಕೊಂಡದ್ದು ನನಗೆ ಚೆನ್ನಾಗಿ ಗೊತ್ತು. ಅದು ಅಯಸ್ಕಾಂತ. ಫ್ಲಾಪಿಗೆ ಅದು ತಾಗಿದರೆ ಅಕ್ಷರವೆಲ್ಲ ಅಳಿಸಿಹೋಗುತ್ತದೆ ಎಂದು ಫ್ಲಾಪಿಯ ಡಬ್ಬದ ಮೇಲೇ ಚಿತ್ರ ಇತ್ತು.

ಎದ್ದು ತೆಗೆಸಬೇಕು ಅನ್ನಿಸಿತು. ಆದರೆ ತೆಗೆಸಿದರೆ ನಿಜವಾಗಿಯೂ ಇದರಿಂದಲೇ ಆಗುತ್ತಿದೆಯೋ ಇಲ್ಲವೋ ಎಂದು ಹೇಗೆ ಗೊತ್ತಾಗಬೇಕು? ಬಾಯಿ ಬಿಗಿಹಿಡಿದು ಕೂತೆ. ಟಿಕೆಟ್ ಕೊಡಲು ಬಂದಾಗ, ಅಲ್ಲಿ ಯಾಕಪ್ಪ ಇಟ್ಟೆ ಎಂದಷ್ಟೇ ಕೇಳಿದೆ.

ಅವನು ತೋಳಿಗೆ ನೇತುಹಾಕಿದ್ದ ಬ್ಯಾಗನ್ನು ತಟ್ಟಿ ತೋರಿಸಿದ. "ಇದು ತೊಗಲಿಂದು ಕಣಕ್ಕ. ಮೊದ್ಲು ಇದ್ರಲ್ಲೇ ಹಾಕ್ತಿದ್ದೆ. ಅವತ್ತು ನೀವು, ಇದ್ರೊಳ್ಗೆ ಮದ್ವೆ ಕಾಗ್ದ ಅದೆ, ಮೇಲ್ಗಡೆ ದೇವ್ರ ಹೆಸ್ರೂ ಅದೆ ಅಂದ್ರಲ್ಲ. ಗೊತ್ತಾದ್ಮೇಲೆ ತೊಗಲು ಬ್ಯಾಗಲ್ಲಿ ಎಂಗ್ ಮಡಗಾದು? ಅದ್ಕೇ ದೇವ್ರತಾವ ಮಡಗ್ತೀನಿ."

ನನಗೆ ನೆನಪಾಯಿತು. ಫ್ಲಾಪಿಗಳು ಖಾಲಿಯಾಗತೊಡಗುವುದಕ್ಕೆ ಸ್ವಲ್ಪ ಮುಂಚೆ, ಇದೇನಕ್ಕ ಕಪ್ಪಗೆ, ಒಳಗೆ ಏನದೆ ಎಂದು ಅವನು ಒಂದು ದಿನ ಕೇಳಿದ್ದ. ಅವನ ಕುತೂಹಲ ಕಂಡು ಖುಷಿಯಾಗಿ ನಾನು ಉದ್ದಕ್ಕೆ ವಿವರಿಸಿದ್ದೆ. ನನ್ನ ಕೆಲಸಕ್ಕೆ ಅವನು ಮರ್ಯಾದೆ ಕೊಟ್ಟಿದ್ದ, ಆ ಮರ್ಯಾದೆಯಿಂದಲೇ ಅದು ಅಳಿಸಿಹೋಗುತ್ತಿತ್ತು.

ನರಸೀಪುರದಲ್ಲಿ ಇಳಿದು ಪ್ರೆಸ್ಸಿಗೆ ಹೋದೆ. ಕಂಡಕ್ಟರ್ ಕೊಟ್ಟ ಫ್ಲಾಪಿ ಹಾಕಿದರೆ ಕಂಪ್ಯೂಟರ್ ಗೊರಗೊರ ಎಂದು, ಫಾರ್ಮ್ಯಾಟ್ ಮಾಡಲೇ ಎಂದಿತು. ಯಜಮಾನರ ಮುಖ ಸಪ್ಪಗಾಯಿತು. ನನ್ನ ಚೀಲದ್ದನ್ನು ಹಾಕಿದರೆ ಸೋಸಲೆಯ ಗಂಡು ಹೆಣ್ಣು ಇಬ್ಬರೂ ಪರದೆಯ ಮೇಲೆ ಬಂದು ನಿಂತರು. ಸ್ಪೀಕರಿನ ಸಂಗತಿ ಹೇಳಿದೆ. ಯಜಮಾನರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮುಂದಿನ ಪತ್ರಿಕೆಗಳ ಚೀಟಿಗಳನ್ನು ತಾವೇ ನನ್ನ ಚೀಲಕ್ಕೆ ಹಾಕಿದರು. ನನ್ನ ಕೆಲಸ ಉಳಿಯಿತು. ಹೊರಗೆ ಬಂದು ಜಗುಲಿಯ ಮೇಲೆ ಕೂತು ಅವ್ವನ ರೊಟ್ಟಿ ತಿಂದೆ, ಅಷ್ಟು ರುಚಿಯ ರೊಟ್ಟಿ ಎಂದೂ ತಿಂದಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರನಿಗೆ ವಿಷಯ ಹೇಳಬೇಕಿತ್ತು. ಅಯಸ್ಕಾಂತ ಎಂದರೆ ಅವನಿಗೆ ತಕ್ಷಣ ತಿಳಿಯಿತು, ಆದರೆ ನಾನು ಅಂದುಕೊಂಡಂತೆ ಅವನು ನಗಲಿಲ್ಲ. ಟಿಕೆಟ್ ಕೊಡುವುದನ್ನು ಬಿಟ್ಟು ಕಂಬಿ ಹಿಡಿದು ನಿಂತುಬಿಟ್ಟ. ಆಮೇಲೆ ಬಗ್ಗಿ ಮೆಲ್ಲಗೆ ಕೇಳಿದ.

"ಅಕ್ಕ, ನಾನು ಅಳಿಸಾಕಿದ್ನಲ್ಲ, ಆ ಮದ್ವೆಗಳು ಆದ್ವಾ?"

ನನ್ನ ಕೆಲಸ ಹೋಗುತ್ತದೆಂದು ನಾನು ಒದ್ದಾಡುತ್ತಿದ್ದೆ, ಅವನಿಗೆ ಬಂದ ಭಯವೇ ಬೇರೆ. ಆದವು ಕಣಪ್ಪ, ಎಲ್ಲವೂ ಚೆನ್ನಾಗಿ ಆದವು, ಸಂಜೆ ಬಸ್ಸಿಗೆ ಮತ್ತೆ ಕಳಿಸಿದ್ದೆ ಎಂದೆ. ಅವನು ಪಟದ ಕಡೆ ತಿರುಗಿ ಕೈ ಮುಗಿದ.

ಮಾರನೆಯ ಬೆಳಿಗ್ಗೆ ಗೇಟಿನಲ್ಲಿ ಕಾಯುತ್ತಿದ್ದೆ. ದಿನಾ ಬಸ್ಸಿಗಿಂತ ಮೊದಲು ಹಾಡು ಬರುತ್ತಿತ್ತು, ಅಂದು ಹಾಡಿಲ್ಲದೆ ಬಸ್ಸು ಬಂತು. ಅವನು ಕೆಳಗಿಳಿದು ಬಂದು ಎರಡೂ ಕೈಯಲ್ಲಿ ಫ್ಲಾಪಿ ತೆಗೆದುಕೊಂಡು ಅಂಗಿಯ ಜೇಬಿಗೆ ಇಳಿಸಿ ಗುಂಡಿ ಹಾಕಿದ. ಜೇಬಿನಲ್ಲಿದ್ದರೆ ಏನೂ ಆಗುವುದಿಲ್ಲ, ಹಾಡು ಹಾಕಿಕೊಳ್ಳಿ ಎಂದೆ. ಒಳಗಿನಿಂದ ಯಾರೋ, ಅಕ್ಕಾವ್ರೇ ಹೇಳ್ತಾವ್ರಲ್ಲ ಹಾಕಯ್ಯ ಎಂದು ಗೊಣಗಿದರು.

ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡೇ ಮೆಟ್ಟಿಲು ಹತ್ತಿದ.

"ಇರ್ಲಿ ಬುಡಕ್ಕ. ಮದ್ವೆ ಕಾಗ್ದ ಇಳಿಯೋಗಂಟ ಸುಮ್ಕಿರ್ಲಿ."

ಬಸ್ಸು ತುಂಬ ಜನರಿದ್ದರು, ಹಾಡಿರಲಿಲ್ಲ. ಅದು ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದೆ.