ಹುಳದ ಮನೆಯಲ್ಲಿ ಕೂತೇ ಹಂಗಳಕ್ಕೆ ಹೋದದ್ದು

ನೀವು ಎಂದಾದರೂ ಒಂದೇ ಹೊತ್ತಿನಲ್ಲಿ ಎರಡು ಊರಲ್ಲಿ ಇದ್ದದ್ದುಂಟಾ? ಯೋಚನೆ ಮಾಡಿ ಹೇಳಿ. ಮದುವೆ ಮನೆಯಲ್ಲಿ ಅಕ್ಷತೆ ಹಿಡಿದು ನಿಂತಿರುವಾಗ ಮನಸ್ಸು ಮುಂಚೆಯೇ ಹೋಗಿ ಊಟದ ಸಾಲಿನಲ್ಲಿ ಜಾಗ ಹಿಡಿದಿರುತ್ತದಲ್ಲ, ಅದು ಲೆಕ್ಕಕ್ಕಿಲ್ಲ. ಅಷ್ಟನ್ನು ನಾನೂ ಮಾಡುತ್ತೇನೆ.

ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಹೇಳಿಕೊಟ್ಟು ಎರಡು ತಿಂಗಳಾಗಿದೆ. ಹೂವಿನ ಚಿತ್ರ ಹಾಕಿ ಗುಡ್ ಮಾರ್ನಿಂಗ್ ಕಳಿಸಿ ಕಳಿಸಿ ನೆಂಟರಿಗೆಲ್ಲ ಬೇಸರ ಬರಿಸಿದ್ದಾಯಿತು. ಈಗ ಇದೊಂದನ್ನು ಬರೆಯಬೇಕು ಅನ್ನಿಸಿದೆ. ಒಂದೇ ಬೆರಳಿನಲ್ಲಿ ಬರೆಯುತ್ತಿರುವುದರಿಂದ ಸುಳ್ಳು ಸೇರಿಸುವಷ್ಟು ಪುರುಸೊತ್ತಿಲ್ಲ, ನಂಬಿ.

ಇಂಥದ್ದನ್ನೆಲ್ಲ ನಂಬುವವಳೇ ನಾನಲ್ಲ. ಹುಡುಗಿಯಾಗಿದ್ದಾಗ ತಮಟೆ ಏಟಿಗೆ ದೇವರು ಬಂದು ಕುಣಿಯುತ್ತಿದ್ದ ಹೆಂಗಸೊಬ್ಬಳ ಸೊಂಟಕ್ಕೆ ಹಿಂದಿನಿಂದ ಕಚಗುಳಿ ಇಟ್ಟು, ದೇವರು ಕಿಸಕ್ಕನೆ ನಕ್ಕುಬಿಟ್ಟು, ನಾನು ಅವ್ವನ ಕೈಯಲ್ಲಿ ಏಟು ತಿಂದಿದ್ದೇನೆ. ಆಮೇಲೂ ಯಾರಾದರೂ ಧ್ಯಾನ, ಸಮಾಧಿ ಅಂದರೆ ನನ್ನ ಬೆರಳು ಕಚಗುಳಿ ಇಡಲು ತುರಿಸುತ್ತಿತ್ತು.

ತೊಂಬತ್ತರ ದಶಕದ ನಡುಭಾಗ. ನಮ್ಮದು ಚಾಮರಾಜನಗರದ ಪಕ್ಕದ ಹರದನಹಳ್ಳಿ. ಮನೆಯ ಹಿಂದೆ ಉದ್ದಕ್ಕೆ ಒಂದು ಹುಳದ ಮನೆ, ಅಂದರೆ ರೇಷ್ಮೆ ಹುಳು ಸಾಕುವ ಕೊಠಡಿ. ನಾನು ಮತ್ತು ಯಜಮಾನರು ಇಬ್ಬರೇ ಅದನ್ನು ನೋಡಿಕೊಳ್ಳುತ್ತಿದ್ದೆವು. ಆಗ ನನಗೆ ನಿದ್ದೆ ಬರುತ್ತಿರಲಿಲ್ಲ. ಆಸ್ಪತ್ರೆಯ ಮಾತ್ರೆ ನುಂಗಿದರೆ ಮಾರನೆಯ ದಿನ ಮಧ್ಯಾಹ್ನದ ತನಕ ತಲೆ ಭಾರ. ಅದೇ ಸಮಯಕ್ಕೆ ಚಾಮರಾಜನಗರದಲ್ಲಿ ರಿಟೈರಾದ ಡ್ರಾಯಿಂಗ್ ಮೇಷ್ಟ್ರೊಬ್ಬರು ಸಂಜೆ ಹೊತ್ತು ಧ್ಯಾನದ ಶಿಬಿರ ಶುರುಮಾಡಿದ್ದರು. ಯಜಮಾನರು ಬಲವಂತ ಮಾಡಿ ನನ್ನನ್ನು ಬಸ್ಸು ಹತ್ತಿಸಿದರು.

ಮೇಷ್ಟ್ರು ಒಳ್ಳೆಯವರು, ಗಡ್ಡ ಗಿಡ್ಡ ಇರಲಿಲ್ಲ. ಮೊದಲ ದಿನವೇ ಹೇಳಿದರು: ಮನುಷ್ಯ ತನ್ನ ಮನಸ್ಸಿನ ಬೇಲಿಯನ್ನು ಆಚೆಗೆ ತಳ್ಳಲು ಏನೇನೋ ಮಾಡಿದ್ದಾನೆ. ಉಪವಾಸ ಬಿದ್ದಿದ್ದಾನೆ, ಗುಹೆ ಸೇರಿದ್ದಾನೆ, ಭಂಗಿ ಸೇದಿದ್ದಾನೆ, ತಮಟೆಗೆ ಕುಣಿದಿದ್ದಾನೆ. ಹೊರದೇಶದಲ್ಲಿ ಕತ್ತಲೆ ತೊಟ್ಟಿಯ ಉಪ್ಪುನೀರಿನಲ್ಲಿ ತೇಲುತ್ತಾ ಮಲಗುವವರೂ ಇದ್ದಾರಂತೆ. ನಾವು ಅದ್ಯಾವುದನ್ನೂ ಮಾಡುವುದಿಲ್ಲ, ಬರೀ ಉಸಿರು ನೋಡುತ್ತೇವೆ, ಆಮೇಲೆ ಕಾಲ ಬೆರಳಿನಿಂದ ಶುರುಮಾಡಿ ಒಂದೊಂದೇ ಅಂಗವನ್ನು ನಮ್ಮದಲ್ಲ ಅಂತ ಬಿಟ್ಟುಬಿಡುತ್ತೇವೆ ಎಂದರು. ನಾನು ಪ್ರತಿ ಸಂಜೆ ಮಂಡಿಯ ತನಕ ಬಿಟ್ಟು, ಅಲ್ಲಿಗೆ ಗೊರಕೆ ಹೊಡೆಯುತ್ತಿದ್ದೆ. ನನಗೆ ಬೇಕಾಗಿದ್ದೂ ಅಷ್ಟೇ.

ನಿದ್ದೆ ಯಾಕೆ ಹೋಗಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ನನಗೆ ಒಡಹುಟ್ಟಿದವಳು ಅಂತ ಇದ್ದದ್ದು ಒಬ್ಬಳೇ ಅಕ್ಕ. ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಡೆ ಇರುವ ಹಂಗಳಕ್ಕೆ ಅವಳನ್ನು ಕೊಟ್ಟಿತ್ತು. ಅವ್ವ ಕೊನೆಗಾಲದಲ್ಲಿ ಅವಳ ಮನೆಯಲ್ಲೇ ಇದ್ದಳು. ಅವ್ವನಿಗೆ ಜೋರಾಗಿದೆ ಎಂದು ಸುದ್ದಿ ಬಂದ ದಿನ ನಮ್ಮ ಹುಳು ಹಣ್ಣಾಗಿತ್ತು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಆಯ್ದು ಬಿಡಬೇಕು, ಅರ್ಧ ದಿನ ತಡವಾದರೂ ಬೆಳೆ ಕೈಬಿಟ್ಟಂತೆ. ಅದನ್ನು ಮುಗಿಸಿ ನಾನು ಹಂಗಳ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದು ಎಲ್ಲರೂ ಸ್ನಾನ ಮಾಡುತ್ತಿದ್ದರು. ತಿಥಿಯ ದಿನ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಅಕ್ಕ ಕೇಳಿದಳು, "ಅವ್ವನ್ಗಿಂತ ಹುಳ ಎಚ್ಚಾಯ್ತೇನಮ್ಮಿ ನಿಂಗೆ?"

ಎಲೆ ಬಿಟ್ಟು ಎದ್ದು ಬಂದೆ. ಆರು ವರ್ಷ ಆ ಊರಿನ ಬಸ್ಸು ಹತ್ತಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಯಜಮಾನರು ಅರಿಸಿನದ ಮಂಡಿಯಿಂದ ಬೇಗ ಬಂದರು. ಅರಿಸಿನ ಮಾರಲು ಬಂದಿದ್ದ ಹಂಗಳದವರೊಬ್ಬರು ಸುದ್ದಿ ಕೊಟ್ಟಿದ್ದರು. ಅಕ್ಕನಿಗೆ ಮೈಗೆ ಹುಷಾರಿಲ್ಲ, ಎದ್ದು ಓಡಾಡುತ್ತಿಲ್ಲ, ನನ್ನನ್ನು ಕೇಳುತ್ತಿದ್ದಾಳೆ.

ಆ ದಿನ ಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹುಳು ಪೊರೆ ಬಿಡುವ ಮೊದಲು ಒಂದು ಹಗಲು ಒಂದು ರಾತ್ರಿ ಸೊಪ್ಪು ತಿನ್ನದೆ, ತಲೆ ಎತ್ತಿಕೊಂಡು, ಅಲುಗಾಡದೆ ಕೂತುಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಆಗ ಸೊಪ್ಪು ಹಾಕುವ ಕೆಲಸವೇ ಇಲ್ಲ. ಹೋಗಿ ಬರಬಹುದಿತ್ತು. ಯಜಮಾನರೂ ಅದನ್ನೇ ಹೇಳಿದರು.

"ಓಗ್ಬುಟ್ಟು ಬಾ. ಉಳ ಈಗೇನ್ ಸೊಪ್ ಕೇಳದಾ? ನಾನಿಲ್ವಾ?"

"ಅಲ್ಲೇನಾರ ಎಚ್ಚುಕಮ್ಮಿ ಆದ್ರೆ? ಸೂತ್ಕ ಆದ್ಮೇಲೆ ಉಳದ ಮನೆಗೆ ಕಾಲ್ ಇಕ್ಕದು ಎಂಗೆ? ಈ ಬೆಳೆ ಮುಗೀಲಿ, ಓಯ್ತಿನಿ."

ಸಾವಿನ ಮನೆಗೆ ಹೋಗಿ ಬಂದವರು ಆ ಬೆಳೆ ಮುಗಿಯುವ ತನಕ ಹುಳದ ಮನೆಗೆ ಬರಬಾರದು ಅನ್ನುವುದು ನಮ್ಮ ಕಡೆ ನಿಜವಾಗಿಯೂ ಉಂಟು. ಆದರೆ ನಾನು ಅದರ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಯಜಮಾನರಿಗೂ ಗೊತ್ತಿತ್ತು. ತೋಟದ ಕಡೆ ಹೋದರು. ನಾನು ಎರಡನೇ ಸಲವೂ ತಡವಾಗಿ ಹೋಗುವವಳಾಗುತ್ತೇನೆ ಎಂದು ಒಳಗೆ ಹೆದರಿಕೆ ಶುರುವಾಗಿತ್ತು. ಆದರೂ ಕಾಲು ಏಳಲಿಲ್ಲ.

ಮಧ್ಯಾಹ್ನ ಊಟ ಸೇರಲಿಲ್ಲ. ಹುಳದ ಮನೆಗೆ ಹೋಗಿ ತಟ್ಟೆಗಳ ಮೇಲೆಲ್ಲ ಸುಣ್ಣದ ಪುಡಿ ಉದುರಿಸಿದೆ. ಜ್ವರದಲ್ಲಿ ಹುಳುವಿನ ಕೆಳಗಿನ ಸೊಪ್ಪಿನ ಹಾಸು ಒಣಗಿರಲಿ ಅಂತ ಹಾಗೆ ಮಾಡುತ್ತೇವೆ. ನನ್ನ ಪಾದವೆಲ್ಲ ಬೆಳ್ಳಗಾಯಿತು. ಕಿಟಕಿಗೆ ಒದ್ದೆ ಗೋಣಿ ಕಟ್ಟಿದ್ದರಿಂದ ಒಳಗೆ ತಂಪು, ನಸುಗತ್ತಲೆ. ಹುಳು ತಿನ್ನುವಾಗ ಆ ಕೊಠಡಿಯಲ್ಲಿ ಮಳೆ ಸುರಿದ ಹಾಗೆ ಸದ್ದು ಇರುತ್ತದೆ. ಆಗ ಏನೂ ಇರಲಿಲ್ಲ. ಸಾವಿರಾರು ಹುಳು ತಲೆ ಎತ್ತಿಕೊಂಡು ಕೂತಿದ್ದವು. ಮೇಷ್ಟ್ರ ಶಿಬಿರದಲ್ಲಿ ಒಬ್ಬರೂ ಅಷ್ಟು ನೆಟ್ಟಗೆ ಕೂತದ್ದನ್ನು ನಾನು ಕಂಡಿಲ್ಲ.

ನೆಲದ ಮೇಲೆ ಗೋಣಿ ಹಾಕಿ ಗೋಡೆಗೆ ಒರಗದೆ ಕೂತೆ. ಅಕ್ಕನ ಯೋಚನೆ ಮರೆತು ಹತ್ತು ನಿಮಿಷ ನಿದ್ದೆ ಬಂದರೆ ಸಾಕಾಗಿತ್ತು. ಉಸಿರು ನೋಡಿದೆ. ಕಾಲ ಬೆರಳು ನನ್ನದಲ್ಲ, ಪಾದ ನನ್ನದಲ್ಲ, ಮಂಡಿ ನನ್ನದಲ್ಲ. ನಿದ್ದೆ ಬರಲಿಲ್ಲ. ಸೊಂಟ ಬಿಟ್ಟೆ, ಹೊಟ್ಟೆ ಬಿಟ್ಟೆ, ಕೈ ಬಿಟ್ಟೆ. ಕತ್ತಿನ ತನಕ ಬಂದದ್ದು ನೆನಪಿದೆ.

ಆಗ ಹುಳು ಸೊಪ್ಪು ತಿನ್ನುವ ಸದ್ದು ಕೇಳಿಸಿತು. ಜ್ವರ ಇಷ್ಟು ಬೇಗ ಎದ್ದಿತೇ ಎಂದು ನೋಡಿದರೆ ಅದು ಹುಳದ ಮನೆಯಾಗಿರಲಿಲ್ಲ. ಒಂದು ಕೋಣೆ. ಕಿಟಕಿಗೆ ನೀಲಿ ಹೂವಿನ ಬೆಡ್‌ಶೀಟನ್ನು ಮೊಳೆ ಹೊಡೆದು ಕಟ್ಟಿತ್ತು. ಅದರ ಕೆಳಗೆ ಮಂಚ. ಮಂಚದ ಮೇಲೆ ನಮ್ಮಕ್ಕ. ನಾನು ಬಾಗಿಲಲ್ಲಿದ್ದೆ. ಕನಸಿನಲ್ಲಿ ಕಂಡ ಹಾಗಲ್ಲ, ಕನಸಿನಲ್ಲಿ ಎಲ್ಲವೂ ಜಾರುತ್ತಿರುತ್ತದೆ. ಇದು ಜಾರುತ್ತಿರಲಿಲ್ಲ. ಬೆಡ್‌ಶೀಟಿನ ಒಂದು ಮೂಲೆ ಗಾಳಿಗೆ ಏಳುತ್ತಿತ್ತು, ಬೀಳುತ್ತಿತ್ತು.

ಅಕ್ಕ ನನ್ನ ಕಡೆ ತಿರುಗಿದಳು. ಬಾಯಿ ಆಡಿತು. ಏನಂದಳೋ ಕೇಳಿಸಲಿಲ್ಲ, ಕಿವಿ ತುಂಬ ಸೊಪ್ಪು ತಿನ್ನುವ ಸದ್ದೇ. ಆಮೇಲೆ ಕೈ ಎತ್ತಿ ಮಂಚದ ಅಂಚನ್ನು ಎರಡು ಸಲ ತಟ್ಟಿದಳು. ಒಳಗೆ ಹೋಗಬೇಕೆಂದು ನಾನು ಕೆಳಗೆ ನೋಡಿದೆ. ಅಲ್ಲಿ ಹೊಸಿಲಿತ್ತು. ನನ್ನ ಕಾಲಿರಲಿಲ್ಲ. ಮುರಿದಿರಲಿಲ್ಲ, ಮರಗಟ್ಟಿರಲಿಲ್ಲ, ಇರಲೇ ಇಲ್ಲ. ಎತ್ತಿ ಇಡಲು ಏನೂ ಇಲ್ಲದಿದ್ದರೆ ಹೊಸಿಲನ್ನು ದಾಟುವುದು ಹೇಗೆ? ಅಷ್ಟು ಹೆದರಿಕೆ ನನಗೆ ಅದಕ್ಕೆ ಮುಂಚೆಯೂ ಆಗಿಲ್ಲ, ಆಮೇಲೂ ಆಗಿಲ್ಲ.

ಯಾರೋ ಭುಜ ಅಲ್ಲಾಡಿಸಿದರು. ಯಜಮಾನರು. ಹುಳದ ಮನೆ, ಗೋಣಿ, ಸುಣ್ಣದ ವಾಸನೆ. ಸದ್ದಿಲ್ಲ. ಹುಳು ಮೊದಲಿನಂತೆಯೇ ತಲೆ ಎತ್ತಿಕೊಂಡು ಕೂತಿದ್ದವು. ಎರಡು ನಿಮಿಷ ಆಗಿರಬೇಕು ಎಂದುಕೊಂಡಿದ್ದೆ. ಹೊರಗೆ ಬಿಸಿಲು ಇಳಿದಿತ್ತು.

ಯಜಮಾನರ ಮುಖ ಬಿಳಿಚಿಕೊಂಡಿತ್ತು. "ಮೂರ್ ಸರ್ತಿ ಕೂಗ್ದೆ. ಕಣ್ ಬುಟ್ಕಂಡೇ ಕೂತಿದ್ದೀಯ. ಯಾರ್ಜೊತೆ ಮಾತಾಡ್ತಿದ್ದೆ?"

"ನಾನೆಲ್ಲಿ ಮಾತಾಡ್ದೆ?"

"ಕೂತ್ಕಳಕಾಗಲ್ಲ ಕಣಕ್ಕ ಅಂದ್ಯಲ್ಲ. ಎರಡ್ ಸರ್ತಿ ಅಂದೆ."

ನನಗೆ ಒಂದು ಮಾತನ್ನೂ ಆಡಿದ ನೆನಪು ಇರಲಿಲ್ಲ, ಈಗಲೂ ಇಲ್ಲ. ಯಜಮಾನರು ಬದುಕಿರುವ ತನಕ ಆ ಮಾತನ್ನು ಒಂದಕ್ಷರ ಬದಲಿಸದೆ ಹೇಳುತ್ತಿದ್ದರು. ಅವರು ಕತೆ ಕಟ್ಟುವ ಗಂಡಸಲ್ಲ, ಕತೆ ಕೇಳುವುದಕ್ಕೂ ಅವರಿಗೆ ಬೇಸರ.

ಬೆಳಗಾಗುತ್ತಲೇ ಹೊರಟೆ. ಹುಳು, ಸೂತಕ, ಯಾವುದೂ ತಲೆಗೆ ಬರಲಿಲ್ಲ. ನಗರದಲ್ಲಿ ಒಂದು ಬಸ್ಸು ಬದಲಿಸಿ, ಗುಂಡ್ಲುಪೇಟೆಯಲ್ಲಿ ಇನ್ನೊಂದು ಹತ್ತಿ ಹಂಗಳದಲ್ಲಿ ಇಳಿದಾಗ ಹತ್ತು ಗಂಟೆ. ಅಕ್ಕನ ಸೊಸೆ ಮಂಜುಳ ಅಂಗಳ ಗುಡಿಸುತ್ತಿದ್ದಳು. ಅವಳು ಅಳುತ್ತಿಲ್ಲ ಎಂದು ಕಂಡಮೇಲೆ ನನ್ನ ಕಾಲಿಗೆ ಶಕ್ತಿ ಬಂತು.

ಹಿಂದೆ ಕೋಳಿ ಪಂಜರ ಇಡುತ್ತಿದ್ದ ಕೋಣೆಯಲ್ಲಿ ಅಕ್ಕನನ್ನು ಮಲಗಿಸಿದ್ದರು. ಕಾಮಾಲೆ. ಕಣ್ಣು, ಉಗುರು ಎಲ್ಲ ಹಳದಿ. ಕಿಟಕಿಗೆ ನೀಲಿ ಹೂವಿನ ಬೆಡ್‌ಶೀಟು ಕಟ್ಟಿತ್ತು, ಮೊಳೆ ಹೊಡೆದು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಅಕ್ಕ ತಲೆ ತಿರುಗಿಸಿ ನೋಡಿದಳು. ಆರು ವರ್ಷದ ಮೇಲೆ ಕಂಡ ತಂಗಿಯನ್ನು ನೋಡುವ ನೋಟವಲ್ಲ ಅದು. ಹಿತ್ತಿಲಿಗೆ ಹೋಗಿ ಬಂದವಳನ್ನು ನೋಡಿದ ಹಾಗಿತ್ತು.

"ನೆನ್ನೆ ಕೂತ್ಕಮ್ಮಿ ಅಂದ್ರೆ ಕೂತ್ಕಳಕಾಗಲ್ಲ ಕಣಕ್ಕ ಅಂದ್ಬುಟ್ಟು ಓದೆ. ಇವತ್ತಾರ ಕೂತ್ಕ."

ನಾನು ಮಂಜುಳಳ ಮುಖ ನೋಡಿದೆ. "ನೆನ್ನೆ ಮದ್ಯಾನ್ದಿಂದ ಇಂಗೇ ಕಣ್ ಚಿಕ್ಕತ್ತೆ," ಎಂದಳು ಅವಳು. "ನನ್ ತಂಗಿ ಬಂದು ಬಾಗ್ಲಲ್ಲೇ ನಿಂತವ್ಳೆ, ಕರ್ಕ ಬಾ ಅಂತ ಒಂದೇ ಸಮ. ನಾನೂ ಎದ್ದು ನೋಡ್ದೆ, ಯಾರೂ ಇರ್ನಿಲ್ಲ."

ನಾನು ಕತೆ ಕಟ್ಟುವವಳಾಗಿದ್ದರೆ ಇಲ್ಲಿ ಹೊಸಿಲ ಮೇಲೆ ಸುಣ್ಣದ ಹೆಜ್ಜೆ ಎರಡು ಇತ್ತು ಎಂದು ಬರೆಯುತ್ತಿದ್ದೆ. ಇರಲಿಲ್ಲ. ಯಾರೂ ನೋಡದಾಗ ಬಗ್ಗಿ, ಬೆರಳಿಂದ ಉಜ್ಜಿ ನೋಡಿದ್ದೇನೆ. ಬರೀ ಧೂಳು.

ಮಂಚದ ಅಂಚಿನಲ್ಲಿ ಕೂತೆ. ಅಕ್ಕ ಅವ್ವನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹನ್ನೆರಡು ದಿನ ಅಲ್ಲಿದ್ದೆ. ಪಥ್ಯದ ಗಂಜಿ ಕುಡಿಸಿದೆ, ಗುಂಡ್ಲುಪೇಟೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದೆ. ಅಕ್ಕ ಎದ್ದಳು. ಆ ಸಲದ ಹುಳುವನ್ನು ಯಜಮಾನರೊಬ್ಬರೇ ಸಾಕಿ ಗೂಡು ಮಾಡಿದರು. ಅದನ್ನು ನನಗೆ ಹತ್ತು ವರ್ಷ ಹೇಳಿಕೊಂಡು ಓಡಾಡಿದರು.

ಶಿಬಿರದ ಮೇಷ್ಟ್ರಿಗೆ ಇದನ್ನೆಲ್ಲ ಹೇಳಿದಾಗ ಅವರು ನನ್ನನ್ನು ಹೊಗಳಬಹುದು ಎಂದುಕೊಂಡಿದ್ದೆ. ಅವರಿಗೆ ಗಾಬರಿಯಾಯಿತು. ಒಬ್ಬಳೇ ಇದ್ದಾಗ ಮತ್ತೆ ಕೂರಬೇಡಿ, ಹಾಗೆ ಆದದ್ದನ್ನು ಹಿಡಿದುಕೊಳ್ಳಬೇಡಿ ಎಂದರು. ನಾನು ಮಾತು ಕೇಳುವವಳಾ? ಮುಂದಿನ ಬೆಳೆಯಲ್ಲೂ ನಾಲ್ಕನೇ ಜ್ವರದ ದಿನ ಅದೇ ಗೋಣಿಯ ಮೇಲೆ ಕೂತೆ, ಅದರ ಮುಂದಿನದರಲ್ಲೂ. ಮಂಡಿಯ ತನಕ ಹೋಗಿ ನಿದ್ದೆ.

ಮೊಮ್ಮಗಳು ಇದನ್ನು ಓದಿ, ಕಾಮಾಲೆ ತಲೆಗೇರಿದರೆ ಇಲ್ಲದವರು ಕಾಣುತ್ತಾರೆ ಅಜ್ಜಿ, ಊಟ ಬಿಟ್ಟು ಕತ್ತಲಲ್ಲಿ ಕೂತರೆ ನಿನಗೂ ಕಾಣುತ್ತದೆ ಎನ್ನುತ್ತಾಳೆ. ಇರಬಹುದು. ಬೆಡ್‌ಶೀಟಿನ ಸುದ್ದಿಯನ್ನೂ ನಾನು ಎಲ್ಲೋ ಕೇಳಿ ಮರೆತಿರಬಹುದು. ಆದರೆ ಒಂದೇ ಮಾತು, ಒಂದೇ ಮಧ್ಯಾಹ್ನ, ಇಲ್ಲಿ ಯಜಮಾನರ ಕಿವಿಗೂ ಅಲ್ಲಿ ಅಕ್ಕನ ಕಿವಿಗೂ ಬಿದ್ದದ್ದು ಹೇಗೆ? ಮೊಮ್ಮಗಳು ಅದಕ್ಕೆ ಉತ್ತರ ಹುಡುಕುತ್ತಿದ್ದಾಳೆ. ನಾನು ಹುಡುಕುವುದನ್ನು ಬಿಟ್ಟಿದ್ದೇನೆ.

ಅಕ್ಕನಿಗೆ ಮಾತ್ರ ನಿಜ ಹೇಳಿರಲಿಲ್ಲ. ನಾನು ಬಂದು ನಿಂತು, ಕೂರದೆ ಹೋದೆ ಎಂದೇ ಅವಳು ಎಲ್ಲರಿಗೂ ಹೇಳುತ್ತಿದ್ದಳು. ಎರಡು ವರ್ಷ ಕಳೆದ ಮೇಲೆ ಒಂದು ದಿನ ಅವಳ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಹೇಳಿಬಿಟ್ಟೆ.

"ಅಕ್ಕ, ಅವತ್ತು ನಾ ಬರ್ನಿಲ್ಲ ಕಣಕ್ಕ. ನನ್ ಮೈ ಹರದನಹಳ್ಳಿ ಉಳದ ಮನೇಲೇ ಕೂತಿತ್ತು. ಕೇಳು ಬೇಕಾದ್ರೆ ನಮ್ಮನೆಯೋರ್ನ."

ಅಕ್ಕ ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದಳು. ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದಳು.

"ಆರ್ ವರ್ಸ ನಿನ್ ಮೈಯೂ ಬರ್ನಿಲ್ಲ, ನಿನ್ ಮನ್ಸೂ ಬರ್ನಿಲ್ಲ. ಅವತ್ತು ಒಂದಾರ ಬಂತಲ್ಲ ಅಂತ ನಾ ಸುಮ್ನಿದ್ರೆ, ಅದ್ನೂ ಇಲ್ಲ ಅಂತೀಯಲ್ಲಮ್ಮಿ."