ಮಹಡಿ ಮನೆಗೆ ಬರಬೇಕಿದ್ದ ನೆಂಟರು

ಶ್ಯಾಮಣ್ಣನವರ ತರಗತಿಯಲ್ಲಿ ಒಂದು ಮಾತಿಗೆ ನಿಷೇಧವಿತ್ತು. ‘ಆಫ್ರಿಕದವರು’ ಎಂದು ಯಾರೂ ಹೇಳುವಂತಿರಲಿಲ್ಲ. ಹೇಳಿದವರು ಎದ್ದು ನಿಂತು ಯಾವ ದೇಶ, ಯಾವ ಊರು, ಯಾವ ಜನ ಎಂದು ತಿಳಿಸಿ ಕೂರಬೇಕು. ಗೊತ್ತಿಲ್ಲದವರು ಗೊತ್ತಾಗುವವರೆಗೆ ನಿಂತಿರಬೇಕು.

ಅವರು ಹುಟ್ಟಿದ್ದು ಡೆಂಕಣಿಕೋಟೆ ಹತ್ತಿರ, ರಾಗಿ ಬೆಳೆಯುವವರ ಮನೆಯಲ್ಲಿ. ಪರೀಕ್ಷೆ ಬರೆದು ವಿದೇಶಾಂಗ ಇಲಾಖೆಗೆ ಗುಮಾಸ್ತರಾಗಿ ಸೇರಿ, ಕಂಪಾಲ, ಅಡಿಸ್ ಅಬಾಬ, ಡಕಾರ್‌ಗಳಲ್ಲಿದ್ದು, ಪ್ರಥಮ ಕಾರ್ಯದರ್ಶಿಯಾಗಿ ನಿವೃತ್ತರಾದರು. ರಾಯಭಾರಿಯಾಗಲಿಲ್ಲ. ಆದರೂ ಈಗ ಅವರಿರುವ ಮೂಕಂಡಪಲ್ಲಿಯ ಬೀದಿ ಅವರನ್ನು ‘ಅಂಬಾಸಿಡರ್’ ಎಂದೇ ಕರೆಯುತ್ತದೆ. ತಿದ್ದುವುದನ್ನು ಅವರು ಕೈಬಿಟ್ಟಿದ್ದಾರೆ. ಹೊಸೂರಿನ ನಮ್ಮ ಕನ್ನಡ ಶಾಲೆಯ ಸಮಿತಿ ಕೇಳಿಕೊಂಡ ಮೇಲೆ ಪ್ರತಿ ಶನಿವಾರ ಪ್ಲಸ್ ಒನ್, ಅಂದರೆ ಹನ್ನೊಂದನೇ ತರಗತಿಯ ಮಕ್ಕಳಿಗೆ ತಾವಿದ್ದ ದೇಶಗಳ ಪಾಠ ಹೇಳುತ್ತಿದ್ದರು. ಸಮಿತಿಯ ಪರವಾಗಿ ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ.

ಮೊದಲ ದಿನವೇ ಭೈರೇಶ್ ಎಂಬ ಹುಡುಗ ಕೇಳಿದ. “ಆಫ್ರಿಕದೋರು ಏನ್ ಸಾರ್ ತಿಂತಾರೆ?”

“ಏಷ್ಯಾದೋರು ಏನ್ಲಾ ತಿಂತಾರೆ?”

“ಅದ್ಯಾರ್ ಸಾರ್?”

“ನೀನೇ ಕಣ್ಲಾ. ಎದ್ದು ನಿಂತ್ಕೊ.”

ಪಾಠ ಚೆನ್ನಾಗಿತ್ತು. ಡಕಾರ್‌ನಲ್ಲಿ ಮೀನು ಅನ್ನವನ್ನು ಒಂದೇ ದೊಡ್ಡ ತಟ್ಟೆಗೆ ಬಡಿಸಿ ಎಲ್ಲರೂ ಸುತ್ತ ಕೂರುತ್ತಾರೆ, ತನ್ನ ಮುಂದಿರುವಷ್ಟಕ್ಕೇ ಕೈ ಹಾಕುವುದು ಮರ್ಯಾದೆ ಎಂದರು. ಅಡಿಸ್ ಅಬಾಬದಲ್ಲಿ ಮನೆಯಾಕೆ ಅತಿಥಿಯ ಬಾಯಿಗೆ ತಾನೇ ತುತ್ತಿಡುತ್ತಾಳೆ, ಬೇಡವೆಂದರೆ ನೊಂದುಕೊಳ್ಳುತ್ತಾಳೆ ಎಂದರು. ಉಗಾಂಡದ ಟೆಸೊ ಜನ ಹುಣಸೆ ನೀರು ಹಾಕಿ ರಾಗಿ ಮುದ್ದೆ ಮಾಡುತ್ತಾರೆ ಎಂದಾಗ ಮಾತ್ರ ತರಗತಿ ಮುಖ ಕಿವುಚಿತು.

ನಂಬಿಸಲು ಅವರು ಅಮೋಡಿಂಗ್ ಎಂಬ ಟೆಸೊ ಹುಡುಗಿಯನ್ನೇ ಕರೆತಂದರು. ಅವಳು ಸೊರೊಟಿ ಎಂಬ ಊರಿನವಳು, ಇಲ್ಲಿ ನರ್ಸಿಂಗ್ ಓದುತ್ತಿದ್ದಳು. ಶ್ಯಾಮಣ್ಣನವರ ಬೀದಿಯಲ್ಲೇ, ವಿದ್ಯಾರ್ಥಿನಿ ಭಾನುವಿನ ಮನೆಯ ಪಕ್ಕದಲ್ಲಿ ಬಾಡಿಗೆಗಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಹುಣಸೆ ಮುದ್ದೆ ಕಟ್ಟಿ ಎಲ್ಲರಿಗೂ ಕೊಟ್ಟಳು. ನಮ್ಮವರು ರೂಢಿಯಂತೆ ನುಂಗಿದರು. ಅವಳು ಅಗಿದಳು.

“ಅಗೀಬೇಡಿ ಅಕ್ಕಾ, ನುಂಗಿ,” ಎಂದಳು ಭಾನು.

“ಅಗಿಯದಿದ್ದರೆ ಹುಳಿ ಹೇಗೆ ತಿಳಿಯುತ್ತದೆ?” ಎಂದು ಅಮೋಡಿಂಗ್ ಇಂಗ್ಲಿಷಿನಲ್ಲಿ ಕೇಳಿದಳು.

ಅಷ್ಟರಲ್ಲಿ ಅವಳಿದ್ದ ಮನೆಯನ್ನು ಮಾಲೀಕ ಕೆಡವಿ ಕಟ್ಟಿಸಲು ಹೊರಟ. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಪರೀಕ್ಷೆ ಎದುರಿಗಿತ್ತು. ಭಾನು ಅವಳನ್ನು ಮನೆಯಿಂದ ಮನೆಗೆ ಕರೆದುಕೊಂಡು ತಿರುಗಿದಳು. ನಮ್ಮ ಕಡೆಯ ಮನೆ ಮಾಲೀಕರು ಇಲ್ಲ ಎನ್ನುವುದಿಲ್ಲ. ‘ನೆಂಟರು ಬತ್ತಾವ್ರೆ’ ಎಂದು ಬಾಡಿಗೆ ಬೋರ್ಡು ತೆಗೆದು ಒಳಗಿಡುತ್ತಾರೆ. ಬಂದವರು ಬೀದಿ ದಾಟಿದ ಮೇಲೆ ಬೋರ್ಡು ಮತ್ತೆ ಗೇಟಿಗೆ ಬರುತ್ತದೆ. ಕೊನೆಗೆ ಇಬ್ಬರೂ ಶ್ಯಾಮಣ್ಣನವರ ಗೇಟಿಗೆ ಬಂದರು. ಅವರ ಮಹಡಿ ಖಾಲಿಯಿತ್ತು.

“ನಮ್ಮ ಮನೆಯವಳ ತವರಿನವರು ಬರುವವರಿದ್ದಾರೆ,” ಎಂದರು ಶ್ಯಾಮಣ್ಣ, ಬೋರ್ಡು ಬಿಚ್ಚುತ್ತ.

ಅವರು ಕೆಟ್ಟವರಲ್ಲ. ಬೀದಿಯ ಮಾತಿಗೆ ಅಂಜಿದರು, ಅಷ್ಟೆ. ಇಲ್ಲ ಎನ್ನದೆ ಇಲ್ಲ ಎನ್ನುವುದು ಅವರು ಮಾಡಿದ ಉದ್ಯೋಗದ ಅಭ್ಯಾಸವೂ ಹೌದು. ಆದರೆ ಆ ವಾರವೇ ಬೋರ್ಡು ಅವರ ಗೇಟಿನಲ್ಲಿ ಮತ್ತೆ ತೂಗಿತು, ಭಾನುವಿನ ಮನೆಯ ಎದುರಿಗೇ.

ಶನಿವಾರ ಪಾಠದ ನಡುವೆ ಭಾನು ಎದ್ದಳು. “ಸಾರ್, ನಿಮ್ಮ ನೆಂಟ್ರು ಬಂದ್ರಾ?”

ಶ್ಯಾಮಣ್ಣನವರು ಕುರ್ಚಿಯಲ್ಲಿದ್ದರು, ಮಂಡಿನೋವಿನಿಂದ ಕೂತೇ ಪಾಠ ಮಾಡುತ್ತಿದ್ದರು. ಕನ್ನಡಕ ತೆಗೆದು ಒರೆಸಿದರು.

“ಇಲ್ಲ. ಯಾರೂ ಬರೋರಿರಲಿಲ್ಲ. ನೋಡಮ್ಮ, ಬೀದಿಯೋರು ನಾಲ್ಕು ಮಾತಾಡ್ತಾರೆ. ನಾಳೆ ಆ ಆಫ್ರಿಕದ ಹುಡುಗಿಗೇನೇ ತೊಂದರೆ...”

ಭೈರೇಶ್ ಮೆಲ್ಲಗೆ ಕೇಳಿದ. “ಯಾವೂರು ಸಾರ್?”

ಅವನು ಗೇಲಿ ಮಾಡಿದನೋ ನೆನಪಿಸಿದನೋ ನನಗೆ ತಿಳಿಯಲಿಲ್ಲ. ಗದರಿಸಬಹುದಿತ್ತು, ಅವರು ಗದರಿಸಲಿಲ್ಲ. ಮೇಜು ಹಿಡಿದು ಎದ್ದು ನಿಂತರು.

“ಉಗಾಂಡ. ಸೊರೊಟಿ. ಟೆಸೊ ಜನ. ಅಮೋಡಿಂಗ್ ಅಂತ ಹೆಸರು.” ಹೇಳಿಯಾದ ಮೇಲೂ ಕೂರಲಿಲ್ಲ. ಗಂಟೆ ಹೊಡೆಯುವವರೆಗೆ ನಿಂತೇ ಪಾಠ ಮಾಡಿದರು.

ಮನೆಗೆ ಹೋಗುವಾಗ ನನ್ನನ್ನೂ ಕರೆದರು. ಒಬ್ಬರೇ ಹೋಗಲು ಧೈರ್ಯವಿರಲಿಲ್ಲವೆಂದು ಕಾಣುತ್ತದೆ. ಅವರ ಹೆಂಡತಿ ಮುನಿಗಂಗಮ್ಮನವರಿಗೆ ಭಾನುವಿನ ತಾಯಿಯಿಂದ ಸುದ್ದಿ ಆಗಲೇ ಮುಟ್ಟಿತ್ತು.

“ನಮ್ಮ ತವರೋರು ಬತ್ತಾರೆ ಅಂದ್ರಂತೆ. ಎಷ್ಟ್ ಮುದ್ದೆ ಕಟ್ಲಿ?”

“ಬಿಡು, ಗಂಗಾ.”

“ಯಾಕ್ ಬಿಡ್ಲಿ? ಕಂಪಾಲದಾಗೆ ಮನೆ ಹುಡುಕ್ವಾಗ ಯಾರಾನ ನೆಂಟ್ರು ಬತ್ತಾರೆ ಅಂದ್ರಾ? ಆಗಲ್ಲ ಅನ್ನೋರು ಆಗಲ್ಲ ಅಂದ್ರು, ಕೊಡೋಳು ಕೊಟ್ಲು. ನಿಮ್ಗೆ ಬೇಡದಿದ್ರೆ ನೀವೇ ಬೇಡ ಅನ್ಬೇಕಾಗಿತ್ತು. ನನ್ ತವರ ಯಾಕ್ ಎಳೀತೀರಿ?”

“ಈಗ ಕೊಡೋಣ ಅಂತ.”

“ಕೊಡಿ. ಮೋಟ್ರು ಬೆಳಗ್ಗೆ ಒಂದೇ ಸಲ ಹಾಕೋದು ಅಂತ ಹೇಳ್ಬುಡಿ. ಆಮ್ಯಾಕೆ ನೀರಿಲ್ಲ ಅಂತ ನನ್ ಹತ್ರ ಬರಬಾರ್ದು.”

ಶ್ಯಾಮಣ್ಣನವರು ಹಾಗೆಯೇ ಬೀದಿಗಿಳಿದು ಅಮೋಡಿಂಗ್‌ಳ ಮನೆಗೆ ಹೋದರು. ಅವಳು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು.

“ನಿಮ್ಮ ನೆಂಟರು?” ಎಂದು ಕೇಳಿದಳು.

“ನೆಂಟರು ಇರಲೇ ಇಲ್ಲ. ನಾನು ಸುಳ್ಳು ಹೇಳಿದೆ.”

“ನನಗೆ ಗೊತ್ತಿತ್ತು,” ಎಂದಳು. “ಈ ಬೀದಿಯಲ್ಲಿ ಎಲ್ಲರ ಮನೆಗೂ ನೆಂಟರು ಬರುತ್ತಿದ್ದಾರೆ.” ಪರವಾಗಿಲ್ಲ ಎನ್ನಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಬಾಗಿಲವರೆಗೆ ಬಂದು ಕಳಿಸಿಕೊಟ್ಟಳು.

ಆ ದಿನ ಶ್ಯಾಮಣ್ಣನವರು ಗೇಟಿನ ಸದ್ದಾದಾಗಲೆಲ್ಲ ಎದ್ದು ನೋಡಿದರಂತೆ. ಮರುದಿನ ಅವಳು ಭಾನುವಿನ ಕೈಗೊಂದು ಪೆಟ್ಟಿಗೆ ಕೊಟ್ಟು, ತಾನೊಂದು ಹೊತ್ತು ಬಂದಳು. ಕ್ಷಮಿಸಿ ಬಂದಳೆಂದು ನಾನು ಬರೆಯಲಾರೆ. ಅವಳಿಗೆ ಮನೆ ಬೇಕಿತ್ತು, ಮಹಡಿಗೆ ಬೆಳಕು ಚೆನ್ನಾಗಿ ಬರುತ್ತಿತ್ತು.

ಬೀದಿ ಮಾತಾಡಿತು. ನಾನು ಅಲ್ಲಿದ್ದಾಗಲೇ ಪಕ್ಕದ ಮನೆಯ ಪಾಪಮ್ಮ ನೀರು ಹಿಡಿಯುತ್ತ ಕೇಳಿದಳು. “ಯಾರಕ್ಕಾ ಮ್ಯಾಲಕ್ಕೆ ಬಂದಿರೋದು? ಆಫ್ರಿಕದೋಳಂತೆ?”

“ಸೊರೊಟಿಯೋಳು,” ಎಂದರು ಮುನಿಗಂಗಮ್ಮ.

“ಅದೆಲ್ಲೈತೆ?”

“ಡೆಂಕಣಿಕೋಟೆ ಎಲ್ಲೈತೆ ಅಂತ ಅವಳೂ ಹಿಂಗೇ ಕೇಳಿದ್ಲು,” ಎಂದು ಮುನಿಗಂಗಮ್ಮ ಬಿಂದಿಗೆ ಎತ್ತಿಕೊಂಡು ಒಳಗೆ ಹೋದರು.