ನಮ್ಮ ಟೀಮಲ್ಲಿ ಹೊಡೆಯುವವರಿಲ್ಲ

ಒಂದು ಮಾತು ಕೇಳ್ತೆ, ಸತ್ಯ ಹೇಳಿ. ಆರು ಓವರಿನ ಆಟದಲ್ಲಿ ಒಂದೇ ಒಂದು ಫೋರ್ ಬರದೇ ಇದ್ರೂ ಸುಡುಬಿಸಿಲಲ್ಲಿ ಕೊನೇ ಬಾಲಿನವರೆಗೆ ಕೂತು ನೋಡುವಷ್ಟು ತಲೆ ಕೆಟ್ಟವರು ನಿಮ್ಮಲ್ಲಿ ಯಾರಾದ್ರೂ ಇದ್ದೀರಾ? ಇದ್ರೆ ಬೆಳಂಬಾರಕ್ಕೆ ಬನ್ನಿ, ನನ್ನ ಪಕ್ಕ ಒಂದು ಕುರ್ಚಿ ಖಾಲಿ ಇದೆ. ಮೊದ್ಲು ಅದ್ರಲ್ಲಿ ಸೊಸೆ ಕೂರ್ತಿದ್ಲು. ಈ ವರ್ಷ ಅರ್ಧಕ್ಕೇ ಎದ್ದು ಹೋದ್ಲು. "ಅತ್ತೇ, ಇದನ್ನ ನೋಡುದಕ್ಕಿಂತ ಮನೇಲಿ ಬಾಂಗ್ಡೆ ಮೀನು ಕೊಯ್ದ್ರೆ ಊಟಕ್ಕಾದ್ರೂ ಆಗ್ತದೆ" ಅಂದ್ಲು. ಅವಳ ಗಂಡನೇ ಟೀಮಿನ ಕ್ಯಾಪ್ಟನ್. ಅಂದ್ರೆ ನನ್ನ ಮಗ.

ಭತ್ತ ಕೊಯ್ದು ಆದ ಮೇಲೆ ನಮ್ಮ ಕಡೆ ಗದ್ದೆಯೇ ಮೈದಾನ. ಜೂನಲ್ಲಿ ಮಿರ್ಗದ ಮಳೆ ಬಿದ್ದು ಟಿಲ್ಲರ್ ಇಳಿಯುವವರೆಗೆ ಅಂಕೋಲೆಯಿಂದ ಕಾರವಾರದವರೆಗೆ ಭಾನುವಾರ ಬಂತು ಅಂದ್ರೆ ಎಲ್ಲಾದ್ರೂ ಒಂದು ಕಡೆ ಟೆನಿಸ್ ಬಾಲ್ ಟೂರ್ನಮೆಂಟ್. ಒಂದು ಶಾಮಿಯಾನ, ಒಂದು ಮೈಕು, ಮೇಜಿನ ಮೇಲೆ ನನ್ನ ಸೊಂಟದಷ್ಟು ಎತ್ತರದ ಕಪ್. ಹತ್ತಿರ ಇದ್ರೆ ನಾನು ಹೋಗುದೇ. ಹೋಗಿ ಬಂದು ಮನೆಯವರ ವಾಟ್ಸಾಪ್ ಗುಂಪಿಗೆ ಸುದ್ದಿ ಬರೀತೆ. ಮೊಮ್ಮಗಳು ಫೋನಲ್ಲಿ ಕನ್ನಡ ಒತ್ತುದು ಕಲಿಸಿದ್ದೇ ಈ ವರ್ಷ. ಈಗ ಒಂದಕ್ಷರ ಒತ್ತುವಷ್ಟರಲ್ಲಿ ಫೋನೇ 'ಔಟ್' ಹೇಳುವ ಶಬ್ದ ಮುಂದೆ ತಂದಿಡ್ತದೆ. ಅಷ್ಟು ಸಲ ಬರ್ದಿದ್ದೆ ನಾನು.

ನಮ್ಮ ಬೌಲಿಂಗಿಗೆ ಏನೂ ಆಗ್ಲಿಲ್ಲ. ಹುಡುಗ್ರು ಚೆಂದ ಹಾಕ್ತಾರೆ, ಕ್ಯಾಚೂ ಹಿಡೀತಾರೆ. ಬ್ಯಾಟು ಕೈಗೆ ಬಂದ ಕೂಡ್ಲೇ ಎಲ್ಲರಿಗೂ ಮೈಯಲ್ಲಿ ಜ್ವರ ಬಂದ ಹಾಗೆ. ನನ್ನ ಮಗ ಮೊದಲನೆಯವನಾಗಿ ಇಳೀತಾನೆ. ಬಾಲು ಬಂದ್ರೆ ರೊಟ್ಟಿ ತಟ್ಟಿದ ಹಾಗೆ ಮೆಲ್ಲಗೆ ತಟ್ಟಿ ಕಾಲಡಿಗೆ ಹಾಕ್ತಾನೆ. ಮತ್ತೊಂದು ಬಂದ್ರೆ ಮತ್ತೂ ಹಾಗೇ. "ಹೊಡಿಯೋ, ಅದೇನು ನಿನ್ನ ಮಾವನ ಮನೆ ಬಾಗ್ಲಾ, ಮೆಲ್ಲಗೆ ತಟ್ಟುಕೆ?" ಹೇಳಿ ನಾನು ಕೂಗಿದ್ದು ಆಚೆ ತುದಿಯ ಅಂಪೈರಿಗೂ ಕೇಳ್ತು. ಅವ ನಕ್ಕ. ಮಗ ನಗ್ಲಿಲ್ಲ.

ಇಲ್ಲಿ ನಿಮಗೆ ಒಂದು ವಿಷಯ ಗೊತ್ತಿರ್ಬೇಕು. ನಮ್ಮ ಟೀಮಲ್ಲಿ ಬ್ಯಾಟಿಂಗಿಗೆ ಇಳಿಯುದು ವಯಸ್ಸಿನ ಲೆಕ್ಕದ ಮೇಲೆ. ದೊಡ್ಡವ ಮೊದ್ಲು, ಅವನ ಕೆಳಗಿನವ ಆಮೇಲೆ. ಮದುವೆ ಪಂಕ್ತೀಲಿ ಹಿರಿಯರಿಗೆ ಮೊದ್ಲು ಬಡಿಸಿದ ಹಾಗೆ. ಯಾರು ಮಾಡಿದ್ದು ಕೇಳಿದ್ರೆ ಯಾರಿಗೂ ಗೊತ್ತಿಲ್ಲ, ಮೊದ್ಲಿಂದ ಹಾಗೇ ಅಂತಾರೆ. ಮಗನಿಗೆ ನಲವತ್ತು ದಾಟ್ತು, ಮಂಡಿ ನೋವು, ಮಲ್ಲಾಪುರದಲ್ಲಿ ಪಾಳಿ ಕೆಲಸ. ಆದ್ರೂ ಅವನೇ ಮೊದಲನೆಯವ, ಅವನಿಗಿಂತ ದೊಡ್ಡವರು ಯಾರೂ ಉಳೀಲಿಲ್ಲ.

ಹೊಡೆಯುವವ ಒಬ್ಬ ಇದ್ದ. ನನ್ನ ಮೈದುನನ ಮಗ. ಕಾರವಾರದಲ್ಲಿ ಆಟೋ ಓಡಿಸ್ತಾನೆ. ತೋಳು ನೋಡ್ಬೇಕು ಅವಂದು, ಬಾಲಿಗೆ ಬಡಿದ್ರೆ ತೆಂಗಿನ ಮರದ ಆಚೆಗೇ. ಆದ್ರೆ ವಯಸ್ಸಲ್ಲಿ ಎಂಟನೆಯವ. ಎಂಟನೆಯವ ಇಳಿಯುವಷ್ಟರಲ್ಲಿ ಒಂದೋ ಓವರ್ ಮುಗೀತದೆ, ಇಲ್ಲಾ ನಮ್ಮವರ ಮಾನ ಮುಗೀತದೆ. ಮೂರು ವರ್ಷ ಪ್ಯಾಂಟಿಗೆ ಧೂಳೂ ಹಿಡಿಸ್ಕೊಳ್ಳದೆ ಬೇಲಿ ಹತ್ರ ಕೂತ. ಹೋದ ವರ್ಷ ಕಾರವಾರದ ಟೀಮಿನವರು ಗೆಸ್ಟ್ ಪ್ಲೇಯರ್ ಆಗಿ ಕರೆದ್ರು. ಊರ ಹೊರಗಿನವನನ್ನ ಕರ್ದು ಆಡಿಸ್ತಾರಲ್ಲ, ಹಾಗೆ. ಹೋದ. ಅಲ್ಲಿ ಮೊದಲ ಬಾಲೇ ಅವನಿಗೆ.

ಈ ವರ್ಷ ನಾವು ಆಡಿದ್ದೆಲ್ಲ ಸೋತ್ವು. ಮೇ ಬಂತು, ಮಾವು ಹಣ್ಣಾಯ್ತು, ನಾವು ಒಂದೂ ಗೆಲ್ಲಲಿಲ್ಲ. ಕೊನೆಗೊಂದಿನ ಟೀಮಿನವರೆಲ್ಲ ನಮ್ಮ ಅಂಗಳದಲ್ಲಿ ಸೇರಿದ್ರು. ಚಾ ಕೊಡ್ಲಿಕ್ಕೆ ಹೋದವಳು ನಾನೂ ಅಲ್ಲೇ ನಿಂತೆ. ಮಗ ತಲೆ ತಗ್ಗಿಸಿ ಹೇಳ್ದ, "ಮಿರ್ಗದೊಳಗೆ ಒಂದು ಮ್ಯಾಚ್ ಆದ್ರೂ ಗೆಲ್ವ. ಗೆಲ್ಲದಿದ್ರೆ ನಾ ಆಟ ಬಿಡ್ತೆ." ಯಾರೂ ಬೇಡ ಅನ್ನಲಿಲ್ಲ. ನನಗೆ ಬೇಡ ಇತ್ತು. ಬೈಯುವವಳು ನಾನೇ ಇರ್ಬಹುದು, ಆದ್ರೆ ಅವ ಪಾಳಿ ಮುಗಿಸಿ ಬಂದು ಬ್ಯಾಟಿನ ಹಿಡಿಗೆ ಹೊಸ ಗ್ರಿಪ್ ಹಾಕುವಾಗ ಮುಖ ನೋಡಿದ್ದೆ. ಆ ಮುಖ ಬೇರೆ ಯಾವ ಹೊತ್ತಲ್ಲೂ ಕಾಣುದಿಲ್ಲ.

ಕೊನೇ ಟೂರ್ನಮೆಂಟ್ ಕಾರವಾರದ ಹತ್ರ ಒಂದು ಗದ್ದೇಲಿ. ನಾನೂ ಮೊಮ್ಮಗಳೂ ಬಸ್ಸಿಗೆ ಹೋದ್ವು. ಚೀಟಿ ಎತ್ತಿದ್ರು. ನಮ್ಮ ಎದುರು ಯಾರು ಬರ್ಬೇಕು? ಮೈದುನನ ಮಗ ಇರುವ ಟೀಮೇ. ಅವ ದೂರದಿಂದಲೇ ನನಗೆ ಕೈ ಮುಗ್ದ. ನಾನು ಸೆರಗು ಸರಿ ಮಾಡ್ಕೊಳ್ಳುವ ಹಾಗೆ ಮಾಡಿ ಆಚೆ ನೋಡ್ದೆ.

ನಮ್ಮದೇ ಮೊದ್ಲು ಬ್ಯಾಟಿಂಗ್. "ಅಪ್ಪಾ, ಇವತ್ತಾದ್ರೂ ಸಣ್ಣವರನ್ನ ಮುಂದೆ ಕಳ್ಸು" ಹೇಳಿ ಮೊಮ್ಮಗಳು ಗೋಗರೆದ್ಲು. ಮಗ ಅವಳ ಮುಖ ನೋಡ್ದ, ಹಿಂದೆ ಸಾಲಾಗಿ ಕೂತ ತನ್ನ ಗೆಳೆಯರ ಮುಖ ನೋಡ್ದ, ಹೆಲ್ಮೆಟಿಲ್ಲದ ತಲೆಗೆ ಟೊಪ್ಪಿ ಹಾಕ್ಕೊಂಡು ತಾನೇ ಇಳ್ದ. ತಟ್ದ. ಮತ್ತೆ ತಟ್ದ. ಮೈಕಿನವ ಕೊಂಕಣಿಯವ, ಪ್ರತಿ ಬಾಲಿಗೂ "ಕಾಂಯ್ ನಾ! ಏನೂ ಇಲ್ಲ! ಕಾಂಯ್ ನಾ!" ಹೇಳಿ ಎರಡೆರಡು ಭಾಷೇಲಿ ನಮ್ಮ ಮರ್ಯಾದೆ ತೆಗ್ದ. ಒಂದು ಸಲ ಮಗ ಕಣ್ಣು ಮುಚ್ಚಿ ಬೀಸಿದ. ಬಾಲು ಮೇಲೆ ಹೋಯ್ತು, ನಾನು ಕುರ್ಚಿಯಿಂದ ಎದ್ದೆ. ಅದು ಹೋದಷ್ಟೇ ನೆಟ್ಟಗೆ ಕೆಳಗೆ ಬಂತು, ವಿಕೆಟ್ ಕೀಪರನ ಕೈಗೆ. ಆಮೇಲಿನವರದ್ದೂ ಹಾಗೇ. ಆರು ಓವರಿಗೆ ಇಪ್ಪತ್ತೆಂಟು.

ಅವರ ಕಡೆಯಿಂದ ಮೊದ್ಲು ಇಳಿದವ ಮೈದುನನ ಮಗ. ನಮ್ಮ ಹುಡುಗ ಹಾಕಿದ ಮೊದಲ ಓವರಲ್ಲೇ ಅರ್ಧ ರನ್ ಬಂತು. ಎರಡನೇ ಓವರಿಗೆ ಮಗ ತಾನೇ ಬಾಲು ತಕ್ಕೊಂಡ. ಅವನ ಕೈಯಿಂದ ಬಾಲು ಬಿಟ್ಟದ್ದು ಕಂಡೆ, ಆಮೇಲೆ ಕಂಡದ್ದು ಗದ್ದೆ ಆಚೆ ರಸ್ತೇಲಿ. ಮೊಮ್ಮಗಳು ತಡೀಲಾರದೆ ಚಪ್ಪಾಳೆ ಹೊಡೆದ್ಲು, ನಾನು ಅವಳ ಕೈ ಹಿಡ್ದೆ. ನನ್ನ ಕೈಯೂ ಚಪ್ಪಾಳೆಗೆ ಎದ್ದಿತ್ತು, ಅದನ್ನ ಗುಂಪಿಗೆ ಬರೀಲಿಲ್ಲ. ಓವರ್ ಮುಗಿಯುದರೊಳಗೆ ಆಟ ಮುಗೀತು.

ವಾಪಸ್ ಬಸ್ಸಲ್ಲಿ ಮಗ ಕಿಟಕಿ ಕಡೆ ತಿರುಗಿ ಕೂತ. ಅಂಕೋಲೆ ಬಂದಾಗ ಇಳಿಯುವ ಮೊದ್ಲು ಬ್ಯಾಟಿನ ಚೀಲವನ್ನ ಹಿಂದಿನ ಸೀಟಿನ ಗೆಳೆಯನ ತೊಡೆ ಮೇಲೆ ಇಟ್ಟ. "ಇನ್ನು ನೀ ನೋಡ್ಕೋ" ಅಂದ. ಅವ ಚೀಲ ಹಿಡ್ಕೊಂಡು "ಚಾ ಕುಡಿವನಾ?" ಅಂದ. ಮಗ ಕುಡೀಲಿಲ್ಲ. ಮನೆಗೆ ಬಂದು ಬಾವಿಕಟ್ಟೇಲಿ ತುಂಬಾ ಹೊತ್ತು ಕಾಲು ತೊಳ್ದ.

ಎರಡು ದಿನ ಬಿಟ್ಟು ಮೈದುನನ ಮಗ ಆಟೋ ತಕ್ಕೊಂಡು ಬಂದ. ನಮ್ಮನೆಗೆ ಮಾವಿನಹಣ್ಣು ತಂದಿದ್ದ. ಮಗ ಪಾಳಿಗೆ ಹೋಗಿದ್ದ. ನಾನು ಜಗಲೀಲೇ ಹಿಡ್ದೆ.

"ಅಣ್ಣನಿಗೆ ಹೊಡೀವಾಗ ಕೈ ನಡುಗಲಿಲ್ವೇನೋ?"

"ನಡುಗ್ತು ದೊಡ್ಡಾಯಿ. ಅದ್ಕೇ ಒಂದು ಬಾಲು ಫೋರಿಗೆ ಹೋಯ್ತು. ಇಲ್ದಿದ್ರೆ ಅದೂ ಸಿಕ್ಸೇ."

"ನಿನ್ನ ನಾಲಿಗೆಗೆ ಬೆಂಕಿ ಹಾಕ. ಕೇಳು, ಅಣ್ಣ ಆಟ ಬಿಟ್ಟ. ಬರುವ ವರ್ಷ ನೀ ಊರಿಗೆ ಬಾ. ಹೊಡ್ದು ಒಂದು ಕಪ್ ತಂದು ಅವನ ಎದುರಿಗಿಡು. ಅವನಿಗೂ ಸಮಾಧಾನ ಆಗ್ತದೆ, ನಾ ಸಾಯುವುದರೊಳಗೆ ನಾನೂ ನೋಡ್ತೆ. ಈಗ ಅವನೂ ಇಲ್ಲ, ಜಾಗ ಖಾಲಿ ಆಯ್ತಲ್ಲ?"

ಅವ ಅಂಗಳಕ್ಕಿಳ್ದು ಆಟೋ ಸ್ಟಾರ್ಟ್ ಮಾಡ್ದ. ನಕ್ಕ, ಆದ್ರೆ ಚೇಷ್ಟೆಯ ನಗು ಅಲ್ಲ.

"ಖಾಲಿ ಆದದ್ದು ಮೊದಲನೇ ಜಾಗ ದೊಡ್ಡಾಯಿ. ಅಣ್ಣ ಹೋದ್ರೆ ನಾ ಎಂಟನೆಯವ ಇದ್ದವ ಏಳನೆಯವ ಆಗ್ತೆ, ಅಷ್ಟೇ."